ಅಣ್ಣನ ಹಡಗು, ನಮ್ಮ ಸಂಸದರು

ನಮ್ಮ ಸಂಸದರ ತಲೆಗೆ ಮೈಸೂರು ಪೇಟ ಇಟ್ಟವಳು ನಾನೇ. ಅಮೆರಿಕದ ಈಸ್ಟ್ ಬೇಯಲ್ಲಿರುವ ನಮ್ಮ ಕನ್ನಡದವರ ಗುಂಪು ಆ ವರ್ಷ ರಾಜ್ಯೋತ್ಸವಕ್ಕೆ ನಮ್ಮ ಕ್ಷೇತ್ರದಿಂದ ಇಲ್ಲಿಯ ಸಂಸತ್ತಿಗೆ ಹೋದ ಅವರನ್ನು ಮುಖ್ಯ ಅತಿಥಿಯಾಗಿ ಕರೆದಿತ್ತು. ಅತಿಥಿ ಸತ್ಕಾರದ ಜವಾಬ್ದಾರಿ ನನ್ನ ತಲೆಗೆ ಕಟ್ಟಿದ್ದರು. ಬಾಡಿಗೆಗೆ ಹಿಡಿದ ಹೈಸ್ಕೂಲಿನ ಸಭಾಂಗಣ, ಹಿಂದಿನಿಂದ ಬಿಸಿಬೇಳೆಬಾತಿನ ಘಮ, ಮುಂದಿನ ಸಾಲಿನಲ್ಲಿ ಭರತನಾಟ್ಯದ ಸರದಿಗೆ ಕಾದು ಸುಸ್ತಾದ ಮಕ್ಕಳು. ಸಂಸದರು ಆರಡಿ ಮೀರಿದ ಆಳು. ಕುರ್ಚಿ ತರಿಸಲೇ ಅಂತ ನಾನು ಯೋಚಿಸುತ್ತಿದ್ದಾಗ ಅವರೇ ಬಗ್ಗಿದರು. ಪೇಟ, ಹಾರ, ರೇಷ್ಮೆ ಶಾಲು, ಹಣ್ಣಿನ ಬುಟ್ಟಿ, ಗಂಧದ ಆನೆ, ಎಲ್ಲ ಸಾಂಗವಾಗಿ ಆಯಿತು. ಫೋಟೋ ಮುಗಿದು ವೇದಿಕೆ ಇಳಿದರೋ ಇಲ್ಲವೋ, ಅವರ ಸಹಾಯಕಿ, ಕನ್ನಡಕ ಹಾಕಿದ ಚುರುಕಿನ ಹುಡುಗಿ, ಶಾಲು ಆನೆ ಎರಡನ್ನೂ ತಂದು ನನ್ನ ಕೈಗೆ ವಾಪಸು ಇಟ್ಟಳು. ಇಂಥ ಉಡುಗೊರೆ ತೆಗೆದುಕೊಳ್ಳಲು ಅವರಿಗೆ ನಿಯಮ ಬಿಡುವುದಿಲ್ಲವಂತೆ. ಗುಂಪಿನ ಹಿರಿಯರಿಗೆಲ್ಲ ಮುಖ ಸಣ್ಣದಾಯಿತು. ನನಗೆ ಮಾತ್ರ ಆ ಮನುಷ್ಯನ ಮೇಲಿನ ಗೌರವ ಜಾಸ್ತಿಯಾಯಿತು.

ಅವತ್ತು ಅವರು ಮಾತಾಡಿದ್ದು ಆರ್ಥಿಕ ನಿರ್ಬಂಧಗಳ ಬಗ್ಗೆ. ರಾಜ್ಯೋತ್ಸವಕ್ಕೂ ಅದಕ್ಕೂ ಏನು ಸಂಬಂಧ ಅಂತ ಯಾರೂ ಕೇಳಲಿಲ್ಲ. ನಮ್ಮ ಸಭೆಗಳಲ್ಲಿ ಮುಖ್ಯ ಅತಿಥಿ ಏನು ಮಾತಾಡಿದರೂ ನಡೆಯುತ್ತದೆ. ಅಮೆರಿಕ ಯಾವುದೋ ದೇಶವನ್ನೋ ಕಂಪನಿಯನ್ನೋ ನಿರ್ಬಂಧದ ಪಟ್ಟಿಗೆ ಹಾಕಿದರೆ ಅವರ ಜೊತೆ ಯಾರೂ ವ್ಯವಹಾರ ಮಾಡುವ ಹಾಗಿಲ್ಲ. ಮಾಡಿದ ಬ್ಯಾಂಕಿನ ಮೇಲೆ, ವಿಮೆಯವರ ಮೇಲೆ, ಕೊನೆಗೆ ಬಂದರಿನ ಏಜೆಂಟನ ಮೇಲೂ ಕಣ್ಣು ಬೀಳುತ್ತದೆ. ಹಾಕುವುದು ಅಧ್ಯಕ್ಷರ ಕೈಯಲ್ಲಿದೆ, ಸರಿ. ತೆಗೆಯುವಾಗ ಜನ ಆರಿಸಿದ ಸಂಸತ್ತು ನೋಡಬೇಕು ಅನ್ನುವುದು ಸಂಸದರ ವಾದ. ಕೆಲವು ದೇಶಗಳ ವಿಷಯದಲ್ಲಿ ಕಾನೂನೇ ಹಾಗಿದೆಯಂತೆ. ಸಡಿಲಿಸುವ ಮೊದಲು ಸಂಸತ್ತಿಗೆ ತಿಳಿಸಬೇಕು, ಅದು ಪರಿಶೀಲಿಸುವಷ್ಟು ದಿನ ಏನನ್ನೂ ಸಡಿಲಿಸುವ ಹಾಗಿಲ್ಲ. "ಬೀಗ ಹಾಕಿದವರೇ ಯಾರಿಗೂ ಹೇಳದೆ ತೆಗೆಯುವುದಾದರೆ ಮನೆಯವರಿಗೆ ಯಾವ ಧೈರ್ಯ?" ಅಂದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನು.

ಸುಮ್ಮನೆ ತಟ್ಟಿದ್ದಲ್ಲ. ಇಲ್ಲಿಯ ಪೌರತ್ವದ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಇದೆ: ಸರ್ಕಾರದ ಒಂದು ಅಂಗ ಅತಿಯಾಗಿ ಬಲಿಯದಂತೆ ತಡೆಯುವುದು ಯಾವುದು? ಉತ್ತರ ನಾನು ಕಾರಿನಲ್ಲಿ ಹೋಗುತ್ತಾ ಬಾಯಿಪಾಠ ಮಾಡಿದ್ದು. ಸಂದರ್ಶನದ ದಿನ ಅಧಿಕಾರಿ ಅದೇ ಪ್ರಶ್ನೆ ಕೇಳಿದಾಗ ಒಂದು ಅಂಗವನ್ನು ಇನ್ನೊಂದು ತಡೆಯುತ್ತದೆ ಅಂತ ಒಂದೇ ಉಸಿರಿಗೆ ಹೇಳಿದೆ. ಒಬ್ಬರ ಕೈಯನ್ನು ಇನ್ನೊಬ್ಬರು ಹಿಡಿಯುವ ವ್ಯವಸ್ಥೆ ಇದೆಯಲ್ಲ, ಅದಕ್ಕಾಗಿಯೇ ನಾನು ಈ ದೇಶದ ಪ್ರಜೆಯಾಗಬಹುದು ಅಂತ ಅವತ್ತು ಅನ್ನಿಸಿತ್ತು. ಈಗಲೂ ಅನ್ನಿಸುತ್ತದೆ. ನನ್ನ ಕಷ್ಟ ಇರುವುದೇ ಅಲ್ಲಿ.

ನಾವು ಕುಂದಾಪುರದ ಕಡೆಯವರು, ಬೆಳೆದದ್ದು ಮಂಗಳೂರಿನ ಪಣಂಬೂರಿನಲ್ಲಿ. ಅಪ್ಪ ಬಂದರಿನಲ್ಲಿ ಕ್ರೇನು ನಡೆಸುತ್ತಿದ್ದರು. ಕ್ವಾರ್ಟರ್ಸಿನ ಟೆರೇಸಿಗೆ ಹತ್ತಿದರೆ ಹಡಗುಗಳು ಕಾಣುತ್ತಿದ್ದವು. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವನಾದ ಅಣ್ಣ ಹಡಗಿನ ಇಂಜಿನಿಯರ್ ಆದ. ನಾನು ಫಾರ್ಮಸಿ ಓದಿ, ಮೈಸೂರಿನವರನ್ನು ಮದುವೆಯಾಗಿ ಇಲ್ಲಿಗೆ ಬಂದೆ; ಈಗ ನಮ್ಮ ಮನೆಯಿಂದ ಕೊಲ್ಲಿಯ ಆಚೆ ದಡದಲ್ಲಿ ಒಂದು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಅಣ್ಣ ಯಾವ ಸಮುದ್ರದಲ್ಲಿದ್ದರೂ ಬಂದರು ಬಂದ ತಕ್ಷಣ ಒಂದು ಫೋನ್ ಹೊಡೆಯುತ್ತಿದ್ದ. ತಾನು ಹಡಗಿನ ಹೊಟ್ಟೆಯಲ್ಲಿ ಇರುವವನು, ಲೋಕ ಕಂಡದ್ದು ಕಡಿಮೆ ಅಂತ ನಗುತ್ತಿದ್ದ.

ಪೇಟ ಇಟ್ಟ ಮರುವರ್ಷ ಅವನ ಹಡಗು ಆ ಪಟ್ಟಿಗೆ ಬಿತ್ತು. ಅವನು ಹತ್ತುವಾಗ ಅದರ ಮಾಲೀಕರು ಬೇರೆ. ನಡುವೆ ಯಾವುದೋ ಕಂಪನಿಗೆ ಮಾರಿದರು, ಆ ಕಂಪನಿ ಇನ್ನೊಂದು ದೇಶದ ಯುದ್ಧಕ್ಕೆ ಎಣ್ಣೆ ಸಾಗಿಸುವವರದ್ದು ಅಂತ ಗೊತ್ತಾಯಿತು. ಆ ದೇಶದ ಹೆಸರನ್ನು ನಾನು ಬರೆಯುವುದಿಲ್ಲ. ಹೆಸರು ಹೇಳಿದ ಕೂಡಲೇ ಓದುವವರು ಪಕ್ಷ ಕಟ್ಟಿಕೊಂಡು ಕೂರುತ್ತಾರೆ, ನನ್ನ ಅಣ್ಣ ಮರೆತುಹೋಗುತ್ತಾನೆ. ಹಡಗು ಗಲ್ಫಿನ ಒಂದು ಬಂದರಿನ ಹೊರಗೆ ಲಂಗರು ಹಾಕಿ ನಿಂತಿತು. ಒಳಗೆ ಬಿಡುವವರಿಲ್ಲ, ಹೊರಗೆ ಹೋಗಲು ಡೀಸೆಲ್ ಕೊಡುವವರಿಲ್ಲ.

"ಇಳಿದು ಬಾ" ಅಂದೆ ನಾನು, ಬಸ್ಸಿನಿಂದ ಇಳಿದಷ್ಟು ಸಲೀಸು ಅನ್ನುವ ಹಾಗೆ.

"ಎಂತ ಇಳಿಯುದು ಮಾರಾಯ್ತಿ? ಇಳಿಸ್ಲಿಕ್ಕೆ ಬೋಟು, ಕಾಗದ ಎಲ್ಲ ಮಾಡುವ ಬಂದರಿನ ಏಜೆಂಟ್ ಬೇಕು. ನಮ್ಮ ಹೆಸರು ಕೇಳಿದ್ರೆ ಏಜೆಂಟ್ ಫೋನ್ ಇಡ್ತಾನೆ. ಇಲ್ಲಿಂದ ಊರಿನ ಲೈಟು ಕಾಣ್ತದೆ, ಬಾಂಗು ಸಹ ಕೇಳ್ತದೆ. ಹೋಗ್ಲಿಕ್ಕೆ ಮಾತ್ರ ಆಗುದಿಲ್ಲ."

ಇನ್ನೊಂದು ಗಂಟೂ ಇತ್ತು. ನಿಂತ ಹಡಗಿನಲ್ಲೂ ಒಬ್ಬ ಇಂಜಿನಿಯರ್ ಇರಲೇಬೇಕು ಅನ್ನುವುದು ಆ ಬಂದರಿನ ನಿಯಮ. ಅವನ ಮೇಲಿನ ಚೀಫ್ ಇಂಜಿನಿಯರ್ ಹಿಂದಿನ ಬಂದರಿನಲ್ಲೇ ಇಳಿದುಹೋಗಿದ್ದರು. ಇಂಜಿನಿಯರ್ ಅಂತ ಉಳಿದವನು ಇವನೊಬ್ಬ. ಬದಲಿಗೆ ಇನ್ನೊಬ್ಬ ಬಂದರೆ ಮಾತ್ರ ಇವನು ಇಳಿಯಬಹುದು. ಪಟ್ಟಿಯಲ್ಲಿರುವ ಹಡಗಿಗೆ ಜನ ಕಳಿಸುವ ಕಂಪನಿ ಈ ಭೂಮಿಯ ಮೇಲೆ ಇಲ್ಲ.

ಅವನಿಗೆ ಅಲ್ಲಿ ಸಂಜೆಯಾದಾಗ ನನಗೆ ಇಲ್ಲಿ ಬೆಳಿಗ್ಗೆ. ಕೆಲಸಕ್ಕೆ ಹೋಗುವ ದಾರಿಯಲ್ಲಿ ಸ್ಯಾನ್ ಮಟೇಯೋ ಬ್ರಿಡ್ಜಿನ ಮೇಲೆ ಅವನ ಫೋನು ಬರುತ್ತಿತ್ತು. ಆ ಬ್ರಿಡ್ಜು ಉದ್ದಕ್ಕೆ ನೀರಿನ ಮೇಲೆ ಮಲಗಿದೆ, ಹತ್ತಿದ ಮೇಲೆ ಆಚೆ ದಡ ಮುಟ್ಟುವವರೆಗೆ ಎಲ್ಲೂ ಇಳಿಯುವ ಹಾಗಿಲ್ಲ, ಮುಂದೆ ಒಂದು ಕಾರು ಕೆಟ್ಟರೆ ಎಲ್ಲರೂ ಅಲ್ಲೇ. ಬಲಗಡೆ ದೂರದಲ್ಲಿ ಸರಕಿನ ಹಡಗುಗಳು ಲಂಗರು ಹಾಕಿ ನಿಂತಿರುತ್ತವೆ. ಎಷ್ಟೋ ವರ್ಷ ಅವುಗಳನ್ನು ನೋಡಿಯೂ ನೋಡದ ಹಾಗೆ ಹೋಗಿದ್ದೆ. ಈಗ ಅವು ಕಂಡರೆ ಅವುಗಳೊಳಗೂ ಯಾರದೋ ಅಣ್ಣ ಇದ್ದಾನೆ ಅನ್ನಿಸಿ ಮುಖ ತಿರುಗಿಸಿಕೊಳ್ಳುತ್ತಿದ್ದೆ.

ಒಂದು ದಿನ ಅವನು ಮಾತಿನ ನಡುವೆ, ಏನೂ ಅಲ್ಲ ಅನ್ನುವ ಹಾಗೆ, ಎಡಗಣ್ಣಿನ ಮುಂದೆ ಕಪ್ಪು ನೂಲು ತೇಲಾಡುತ್ತದೆ ಅಂದ. ಅವನಿಗೆ ಸಕ್ಕರೆ ಕಾಯಿಲೆ ಇದೆ. ಕಾಯಿಲೆ ಕಣ್ಣಿನ ಹಿಂದಿನ ಪರದೆಗೆ ಇಳಿದರೆ ಏನಾಗುತ್ತದೆ ಅಂತ ದಿನವೂ ಗಿರಾಕಿಗಳಿಗೆ ಹೇಳುವವಳು ನಾನು. ರಕ್ತ ಸೋರುತ್ತಿದೆ, ಬೇಗ ಕಣ್ಣಿನ ಡಾಕ್ಟರು ನೋಡಿ ಇಂಜೆಕ್ಷನ್ನೋ ಲೇಸರೋ ಕೊಟ್ಟರೆ ಕಣ್ಣು ಉಳಿಯುತ್ತದೆ, ಬಿಟ್ಟರೆ ಹೋಗುತ್ತದೆ. ಬಂದರಿನವರಿಗೆ ಕ್ಯಾಪ್ಟನ್ ವಿಷಯ ತಿಳಿಸಿದರು. ಪ್ರಾಣಕ್ಕೆ ಅಪಾಯವಿದೆಯಾ ಅಂತ ಕೇಳಿದರಂತೆ. ಇಲ್ಲ ಅಂದಾಗ, ಹಾಗಾದರೆ ಏಜೆಂಟರ ಮೂಲಕ ಬನ್ನಿ ಅಂದರಂತೆ. ಪ್ರಾಣ ಹೋಗುವ ಹಾಗಿದ್ದರೆ ಬೋಟು ಬರುತ್ತದೆ, ಕಣ್ಣು ಹೋಗುವುದಕ್ಕೆ ಯಾರೂ ಬರುವುದಿಲ್ಲ.

ಮಂಗಳೂರಿನಿಂದ ಅತ್ತಿಗೆ ದಿನವೂ ನನಗೇ ಫೋನ್ ಮಾಡುತ್ತಿದ್ದರು. ಅಮೆರಿಕ ಹಾಕಿದ ಬೀಗ, ನಾನು ಅಮೆರಿಕದಲ್ಲಿದ್ದೇನೆ, ಅಂದಮೇಲೆ ಬೀಗದ ಕೈ ನನ್ನ ಸೆರಗಿನಲ್ಲೇ ಇರಬೇಕು ಅಂತ ಅವರ ಲೆಕ್ಕ. ಅದು ಹಾಗಲ್ಲ ಅತ್ತಿಗೆ ಅಂತ ಹೇಳಿ ಹೇಳಿ ನನಗೇ ನಾಚಿಕೆಯಾಗುತ್ತಿತ್ತು.

ಹೀಗಿರುವಾಗ ಅಧ್ಯಕ್ಷರ ಕಡೆಯಿಂದ ಘೋಷಣೆ ಬಂತು: ಆ ಹಡಗು ಕಂಪನಿಯ ಮೇಲಿನ ನಿರ್ಬಂಧ ಸಡಿಲಿಸುತ್ತೇವೆ. ಪೇಪರಿನವರು ಮೂಗು ಮುರಿದರು. ಇದರ ಹಿಂದೆ ಯಾರದೋ ವಶೀಲಿ ನಡೆದಿದೆ, ಮಾಲೀಕರು ದೊಡ್ಡವರ ಸುತ್ತ ಇರುವವರನ್ನು ಹಿಡಿದಿದ್ದಾರೆ ಅಂತ ಬರೆದರು. ಇದ್ದರೂ ಇರಬಹುದು. ನನಗೆ ಅದನ್ನು ಕಟ್ಟಿಕೊಂಡು ಏನಾಗಬೇಕಿತ್ತು? ನಾನು ದೇವರ ಮುಂದೆ ದೀಪ ಹಚ್ಚಿ ಜೋರಾಗಿ ಅತ್ತೆ. ಅಣ್ಣನಿಗೆ ಅವತ್ತೇ ಏಜೆಂಟನೊಬ್ಬ ತಾನಾಗಿ ಫೋನ್ ಮಾಡಿ, ಬದಲಿ ಇಂಜಿನಿಯರನ್ನು ತರಿಸುತ್ತೇನೆ, ಬ್ಯಾಗು ಕಟ್ಟಿಟ್ಟುಕೊಳ್ಳಿ ಅಂದಿದ್ದ. ಅಣ್ಣ ಗಡ್ಡ ಬೋಳಿಸಿಕೊಂಡು ವೀಡಿಯೋದಲ್ಲಿ ಮುಖ ತೋರಿಸಿದ. ಎಷ್ಟು ಸೊರಗಿದ್ದ ಅಂದರೆ, ಗಡ್ಡವೇ ಚೆನ್ನಾಗಿತ್ತು ಅನ್ನಿಸಿತು.

ಆ ವಾರ ಮುಗಿಯುವುದರೊಳಗೆ ಸಂಸತ್ತು ಎದ್ದು ನಿಂತಿತು. ಕಾನೂನಿನ ಪ್ರಕಾರ ಪರಿಶೀಲನೆ ಆಗಬೇಕು, ಅಲ್ಲಿಯವರೆಗೆ ಸಡಿಲಿಕೆ ಜಾರಿಯಾಗುವ ಹಾಗಿಲ್ಲ. ಏಜೆಂಟ್ ಮತ್ತೆ ಫೋನ್ ಎತ್ತಲಿಲ್ಲ. ಟೀವಿಯಲ್ಲಿ ಈ ಪರಿಶೀಲನೆಗೆ ಪಟ್ಟು ಹಿಡಿದವರ ಮುಂದಾಳಾಗಿ ಮಾತಾಡುತ್ತಿದ್ದವರು ಬೇರೆ ಯಾರೂ ಅಲ್ಲ, ನಮ್ಮ ಸಂಸದರೇ.

ನನ್ನ ಯಜಮಾನರ ಮುಖ ಅರಳಿತು. "ನಮ್ಮೋರೇ ಅಲ್ವೇನೇ ಅವ್ರು! ಪೇಟ ಇಟ್ಟು ಸನ್ಮಾನ ಮಾಡಿದ್ದೀವಿ. ಹೋಗಿ ಒಂದ್ ಮಾತು ಹೇಳಿದ್ರೆ ಆಗೋಯ್ತು."

ನಗಬೇಡಿ. ನಮಗೆ ಗೊತ್ತಿದ್ದ ದಾರಿಯೇ ಅದು. ಊರಲ್ಲಿ ಸಾಹೇಬರ ಮನೆ ಮುಂದೆ ಬೆಳಿಗ್ಗೆ ಹೋಗಿ ನಿಂತು, ಕಷ್ಟವನ್ನೆಲ್ಲ ತೋಡಿಕೊಂಡು, ಒಂದು ಫೋನ್ ಮಾಡಿಸಿಕೊಂಡು ಬರುವವರು ನಾವು. ಹೆಚ್ಚು ಕಷ್ಟ ಹೇಳಿದಷ್ಟು ಹೆಚ್ಚು ಕರುಣೆ ಅಂತ ನಂಬಿದವರು. ಸಂಸದರ ಇಲ್ಲಿಯ ಆಫೀಸಿಗೆ ಹಾಗೆಯೇ ಹೊರಟೆವು. ನಾನು ಸೀರೆ ಉಟ್ಟೆ. ಯಜಮಾನರು ಸೂಟು ಹಾಕಿದರು. ಹೈಸ್ಕೂಲಿಗೆ ಹೋಗುವ ಮಗಳನ್ನೂ ಎಳೆದುಕೊಂಡೆವು, ಮಕ್ಕಳಿದ್ದರೆ ಮನಸ್ಸು ಕರಗುತ್ತದೆ ಅಂತ. ಕೈಯಲ್ಲಿ ಮೈಸೂರು ಪಾಕಿನ ಡಬ್ಬಿ. ಸಹಾಯಕಿ ಡಬ್ಬಿ ನೋಡಿ ನಕ್ಕು, ಅದನ್ನು ಬಿಚ್ಚಿ ಆಫೀಸಿಗೆ ಬಂದ ಎಲ್ಲರೂ ತಿನ್ನಲಿ ಅಂತ ಹೊರಗಿನ ಮೇಜಿನ ಮೇಲೆ ಇಟ್ಟಳು.

ಸಂಸದರು ನನ್ನ ಗುರುತು ಹಿಡಿದರು. ಅವಸರ ಮಾಡಲಿಲ್ಲ. ಈ ಒಂದು ಸಲ ಬಿಟ್ಟುಬಿಡಿ, ಸಡಿಲಿಕೆ ಆಗಿಹೋಗಲಿ ಅಂತ ಶುರು ಮಾಡಿ ನಾನು ಎಲ್ಲವನ್ನೂ ಹೇಳಿದೆ. ಜನರೇಟರು ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ಓಡುವುದು, ಸೆಕೆ ತಾಳಲಾರದೆ ಎಲ್ಲರೂ ಡೆಕ್ಕಿನ ಮೇಲೆ ಮಲಗುವುದು, ಊಟ ಮುಗಿದು ಲೈಫ್‌ಬೋಟಿನಲ್ಲಿ ಆಪತ್ತಿಗೆ ಅಂತ ಇಟ್ಟ ಬಿಸ್ಕತ್ತನ್ನೇ ತಿಂದದ್ದು, ಕಣ್ಣು. ಅಳಬಾರದು ಅಂದುಕೊಂಡಿದ್ದೆ, ಕಣ್ಣಿನ ವಿಷಯಕ್ಕೆ ಬಂದಾಗ ಅತ್ತೆ. ಮಗಳು ನನ್ನ ಬೆನ್ನು ಸವರಿದಳು.

ಅವರು ಒಂದೇ ಪ್ರಶ್ನೆ ಕೇಳಿದರು. "ಮಾಲೀಕರು ಊಟ ಕಳಿಸುವುದನ್ನು ನಿಲ್ಲಿಸಿದ್ದು ಯಾವಾಗ? ನಿರ್ಬಂಧ ಬಿದ್ದ ಮೇಲೋ, ಮೊದಲೋ?"

"ಮೊದಲೇ" ಅಂದೆ. ಅದು ನಿಜ. ಹಡಗು ಪಟ್ಟಿಗೆ ಬೀಳುವ ಮುಂಚೆಯೇ ಮಾಲೀಕರು ಕೈಬಿಟ್ಟಿದ್ದರು. ಅಯ್ಯೋ ಪಾಪ, ಅಷ್ಟು ದಿನದಿಂದಲೇ ಅಂತ ಅವರಿಗೆ ಇನ್ನಷ್ಟು ಕನಿಕರ ಹುಟ್ಟಲಿ ಅಂತ ಮತ್ತೊಮ್ಮೆ ಒತ್ತಿ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಈ ವಿಷಯವನ್ನು ಸಂಸತ್ತಿನ ಪರಿಶೀಲನೆ ಸಭೆಯಲ್ಲಿ ಹೇಳಬಹುದೇ, ನಿಮ್ಮ ಹೆಸರು ಬರುವುದಿಲ್ಲ ಅಂದರು. ನಾನು ಕೈಮುಗಿದೆ. ಹೇಳಿ ಸಾರ್, ದಯವಿಟ್ಟು ಹೇಳಿ ಅಂದೆ.

ಸಹಾಯಕಿ ಸುಮ್ಮನೆ ಕೂರಲಿಲ್ಲ. ಎಲ್ಲೆಲ್ಲೋ ಕೆದಕಿ ಒಂದು ಸಂಗತಿ ಹೊರಗೆ ತೆಗೆದಳು: ಪಟ್ಟಿಯಲ್ಲಿರುವ ಹಡಗಿನಿಂದ ನಾವಿಕರನ್ನು ಇಳಿಸುವುದಕ್ಕೆ, ಅವರಿಗೆ ಔಷಧಿ ಊಟ ಕೊಡುವುದಕ್ಕೆ, ಯಾವತ್ತೂ ನಿಷೇಧವೇ ಇರಲಿಲ್ಲ. ಸಂಬಂಧಪಟ್ಟ ಇಲಾಖೆಯಿಂದ ಹೌದು ಅಂತ ಬರೆಸಿಯೂ ತಂದಳು. ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಇಷ್ಟು ದಿನ ಇಲ್ಲದ ಗೋಡೆಗೆ ತಲೆ ಕೊಟ್ಟು ನಿಂತಿದ್ದೆವಾ? ಅಣ್ಣ ಅದನ್ನು ಏಜೆಂಟನಿಗೆ ಕಳಿಸಿದ. ಏಜೆಂಟ್ ಓದಿ ಒಳ್ಳೆಯ ಮಾತಿನಲ್ಲೇ ಉತ್ತರ ಕೊಟ್ಟನಂತೆ: ನೀವು ಕಳಿಸಿದ್ದು ಸರಿಯಾಗಿಯೇ ಇದೆ, ಆದರೆ ನನ್ನ ಬ್ಯಾಂಕು ಇದನ್ನೆಲ್ಲ ಓದುವುದಿಲ್ಲ, ನಿಮ್ಮ ಹಡಗಿನ ಹೆಸರು ಕಂಡರೆ ನನ್ನ ಖಾತೆ ಮುಚ್ಚುತ್ತದೆ. ಇನ್ನು ಪಟ್ಟಿಯಿಂದ ಹೆಸರು ಹೋದರಷ್ಟೇ ಬಿಡುಗಡೆ ಅಂತ ಆಯಿತು.

ಅಷ್ಟರಲ್ಲಿ ಕಪ್ಪು ನೂಲು ಕಪ್ಪು ಪರದೆಯಾಗಿತ್ತು. ಮೇಲಿನಿಂದ ಅರ್ಧಕ್ಕೆ ಇಳಿದಿದೆ ಅಂದ ಅಣ್ಣ. "ಬಲದ್ದು ಉಂಟಲ್ಲ" ಅಂದ. ನನಗೆ ರೇಗಿತು, ಅವನ ಮೇಲೆ ರೇಗಿ ಏನು ಪ್ರಯೋಜನ?

ಸಂಸತ್ತಿನ ಸಮಿತಿಯ ಸಭೆ ನನಗೆ ಬೆಳಿಗ್ಗೆಯೇ ಇತ್ತು, ರಾಜಧಾನಿಯಲ್ಲಿ ಆಗಲೇ ಮಧ್ಯಾಹ್ನ. ಕೆಲಸಕ್ಕೆ ಬೇಗ ಹೋಗಿ ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ ಕಾರು ನಿಲ್ಲಿಸಿಕೊಂಡು ಫೋನಿನಲ್ಲಿ ನೋಡಿದೆ. ಎದುರಿಗೆ ಅಧ್ಯಕ್ಷರ ಕಡೆಯ ಅಧಿಕಾರಿಯೊಬ್ಬರು ಕೂತಿದ್ದರು. ನಮ್ಮ ಸಂಸದರ ಸರದಿ ಬಂತು. ನನ್ನ ಕ್ಷೇತ್ರದ ಒಬ್ಬ ಮಹಿಳೆಯ ಅಣ್ಣ ಈ ಕಂಪನಿಯ ಹಡಗಿನಲ್ಲಿ ಸಿಕ್ಕಿಬಿದ್ದಿದ್ದಾರೆ ಅಂತ ಶುರು ಮಾಡಿದರು. ನಮ್ಮೋರು, ನಮ್ಮೋರು ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಡೆಕ್ಕಿನ ಮೇಲೆ ಮಲಗುವುದು, ಲೈಫ್‌ಬೋಟಿನ ಬಿಸ್ಕತ್ತು, ಹೋಗುತ್ತಿರುವ ಕಣ್ಣು, ನಾನು ಹೇಳಿದ್ದು ಒಂದೂ ಬಿಡದೆ ಹೇಳಿದರು. ನನಗಿಂತ ಚೆನ್ನಾಗಿ ಹೇಳಿದರು. ಆಮೇಲೆ ಧ್ವನಿ ಬದಲಾಯಿತು.

"ಈ ಮಾಲೀಕರು ತಮ್ಮ ನಾವಿಕರನ್ನು ಉಪವಾಸ ಕೆಡವಿದ್ದು ನಮ್ಮ ನಿರ್ಬಂಧದಿಂದಲ್ಲ, ಅದಕ್ಕೂ ಮುಂಚೆ. ನಿರ್ಬಂಧ ಬಂದ ಮೇಲೂ ಅವರನ್ನು ಇಳಿಸಲು ಏನೂ ಅಡ್ಡಿಯಿರಲಿಲ್ಲ, ಇಳಿಸಲಿಲ್ಲ. ಇಂಥವರಿಗೆ ಇವತ್ತು ಬಾಗಿಲು ತೆಗೆಯಲು ಹೊರಟಿದ್ದೀರಲ್ಲ, ಅವರು ಏನು ಬದಲಾಗಿದ್ದಾರೆ ಅಂತ? ಒಂದು ಕಾರಣ ಹೇಳಿ."

ಅಧಿಕಾರಿ ನೀರು ಕುಡಿದರು. ಸಂಸದರು ಒಂದಕ್ಷರ ಸುಳ್ಳು ಹೇಳಿರಲಿಲ್ಲ, ಅದೇ ನನ್ನನ್ನು ಸುಟ್ಟದ್ದು. ನಾನು ಅಂಗಲಾಚಿ ಕೊಟ್ಟದ್ದನ್ನೇ ಹಿಡಿದು ನನ್ನ ಅಣ್ಣನ ಬಾಗಿಲಿಗೆ ಅಗುಳಿ ಹಾಕಿದ್ದರು. ನಾನು ಫೋನು ಆರಿಸಿ ಪಕ್ಕದ ಸೀಟಿಗೆ ಎಸೆದೆ. ಆ ದಿನ ಯಾರಿಗೆ ಏನು ಮಾತ್ರೆ ಕೊಟ್ಟೆನೋ, ಪುಣ್ಯಕ್ಕೆ ಜೊತೆಯವಳು ಎಲ್ಲವನ್ನೂ ಎರಡನೇ ಸಲ ನೋಡಿದಳು.

ಸಂಜೆ ಮನೆಯಲ್ಲಿ ನಾನು ಬಾಯಿಗೆ ಬಂದ ಹಾಗೆ ಬೈದೆ. ಮೋಸಗಾರ, ಉಂಡ ಮನೆಗೆ ಎರಡು ಬಗೆಯುವವನು ಅಂತೆಲ್ಲ. ಅವರು ನಮ್ಮ ಮನೆಯಲ್ಲಿ ಉಂಡಿರಲೂ ಇಲ್ಲ. ಯಜಮಾನರು ತಲೆ ತಗ್ಗಿಸಿ ಚಪಾತಿ ಹರಿಯುತ್ತಿದ್ದರು. ಮಗಳು ಪೂರ್ತಿ ಸಭೆ ನೋಡಿದ್ದಳು.

"ಬಟ್ ಅಮ್ಮ, ಹಿ ಈಸ್ ರೈಟ್" ಅಂದಳು.

"ಮಾವನ ಕಣ್ಣು ಹೋಗ್ತಿದೆ ಕಣೇ!"

"ಐ ನೋ" ಅಂದಳು. ಅವಳ ಕಣ್ಣಲ್ಲೂ ನೀರಿತ್ತು. "ಸ್ಟಿಲ್ ರೈಟ್." ನಾನು ತಟ್ಟೆ ಬಿಟ್ಟು ಎದ್ದೆ.

ಆಮೇಲೆ ನಡೆದದ್ದು ಬೇಗ. ಸಭೆಯ ಸುದ್ದಿ ಎಲ್ಲ ಕಡೆ ಬಂತು. ಅಧ್ಯಕ್ಷರ ಕಡೆಯವರು ಮುಜುಗರಪಟ್ಟು, ಸಂಸತ್ತು ಮತ ಹಾಕುವ ಮೊದಲೇ ಸಡಿಲಿಕೆಯ ಪ್ರಸ್ತಾಪವನ್ನು ಹಿಂದಕ್ಕೆ ತೆಗೆದುಕೊಂಡರು. ಪೇಪರಿನಲ್ಲಿ ಸಂಪಾದಕೀಯ ಬರೆದರು, ಪ್ರಜಾಪ್ರಭುತ್ವಕ್ಕೆ ಗೆಲುವು ಅಂತ. ನಮ್ಮ ಗುಂಪಿನ ವಾಟ್ಸಾಪಿನಲ್ಲಿ ಯಾರೋ ಅವರು ಪೇಟ ತೊಟ್ಟ ಫೋಟೋ ಮತ್ತೆ ಹಾಕಿದರು, ಪಕ್ಕದ ಊರುಗಳಾದ ಡಬ್ಲಿನ್ನಿನವರು ಕ್ಯುಪರ್ಟಿನೋದವರು ಎಲ್ಲ ಸೇರಿ ಹೆಮ್ಮೆ ಪಟ್ಟರು. ನನ್ನ ಅಣ್ಣನ ವಿಷಯ ಅವರಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ನಾನು ಆ ಗುಂಪಿನಿಂದ ಹೊರಬಂದೆ, ಕಾರಣ ಕೇಳಿದವರಿಗೆ ಪುರುಸೊತ್ತಿಲ್ಲ ಅಂದೆ.

ಅಣ್ಣನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಬ್ರಿಡ್ಜಿನ ಮೇಲೆ ಹೇಳಲು ಧೈರ್ಯ ಸಾಲದೆ, ಅದನ್ನು ದಾಟಿ ರಸ್ತೆ ಬದಿಗೆ ನಿಲ್ಲಿಸಿ ಹೇಳಿದೆ. ಅವನ ಹಿಂದೆ ಯಾರೋ ಕೆಮ್ಮುವುದು ಕೇಳುತ್ತಿತ್ತು.

"ಹಾಗಾದ್ರೆ ಬ್ಯಾಗು ಬಿಚ್ಚುದಾ?" ಅಂದ.

"ಬಿಚ್ಚು ಅಣ್ಣ" ಅಂದೆ. ನನ್ನ ಜೀವನದಲ್ಲಿ ಅದಕ್ಕಿಂತ ಕಷ್ಟದ ಮಾತು ನಾನು ಆಡಿಲ್ಲ.

ಸಂಸದರು ತಾವಾಗಿಯೇ ಫೋನ್ ಮಾಡಿದರು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಸಹಾಯಕಿಯ ಕೈಯಲ್ಲಿ ಮಾಡಿಸಲಿಲ್ಲ. ನಿಮ್ಮ ಅಣ್ಣನ ವಿಷಯಕ್ಕೆ ನನಗೆ ತುಂಬಾ ದುಃಖವಿದೆ ಅಂದರು. ನಾನು ಮರ್ಯಾದೆ ಎಲ್ಲ ಬಿಟ್ಟು ಕೇಳಿದೆ, ನಿಮ್ಮ ಅಣ್ಣನೇ ಅಲ್ಲಿದ್ದಿದ್ದರೆ ಆ ಪ್ರಶ್ನೆ ಕೇಳುತ್ತಿದ್ದಿರಾ? ಅವರು ಯೋಚಿಸಿದರು. ಕೇಳುವ ಧೈರ್ಯ ಇರುತ್ತಿರಲಿಲ್ಲವೇನೋ, ಅದಕ್ಕೇ ಇಂಥ ನಿರ್ಧಾರ ಒಬ್ಬರ ಕೈಯಲ್ಲಿ ಇರಬಾರದು ಅಂತ ಹೇಳುವುದು, ಆದರೆ ನಿಮ್ಮ ಮುಂದೆ ಸುಳ್ಳು ಹೇಳಲಾರೆ, ನಾಳೆ ಇದೇ ಬಂದರೆ ಮತ್ತೆ ಹೀಗೆಯೇ ಮಾಡುತ್ತೇನೆ ಅಂದರು. ನಾನು ಫೋನು ಇಟ್ಟೆ. ಅವರು ಒಂದು ಸುಳ್ಳು ಹೇಳಿದ್ದರೆ ಚೆನ್ನಾಗಿರುತ್ತಿತ್ತು, ನೆಮ್ಮದಿಯಾಗಿ ದ್ವೇಷಿಸಬಹುದಿತ್ತು. ಸಹಾಯಕಿ ಆಮೇಲೆ ಹೇಳಿದಳು, ಅವತ್ತು ನಾನು ಫೋನು ಆರಿಸಿದ ಮೇಲೆ ಅವರು ಸಭೆಯಲ್ಲಿ ಇನ್ನೊಂದು ಮಾತು ಹೇಳಿದ್ದರಂತೆ: ನಾವಿಕರನ್ನು ಇಳಿಸುವ ಏಜೆಂಟರನ್ನು, ಬ್ಯಾಂಕುಗಳನ್ನು ಮುಟ್ಟುವುದಿಲ್ಲ ಅಂತ ಇಲಾಖೆ ಬಾಯಿಬಿಟ್ಟು ಸಾರಬೇಕು. ಅಧಿಕಾರಿ ಪರಿಶೀಲಿಸುತ್ತೇವೆ ಅಂದಿದ್ದರಂತೆ. ಪರಿಶೀಲಿಸುತ್ತಲೇ ಇದ್ದರು.

ಆ ತಿಂಗಳುಗಳ ಬಗ್ಗೆ ಹೆಚ್ಚು ಬರೆಯಲಾರೆ. ದಿನ ಹೋಗುತ್ತಿತ್ತು, ಬರುತ್ತಿತ್ತು. ಕೆಲಸಕ್ಕೆ ಹೋದೆ, ಮಗಳನ್ನು ಡ್ರೈವಿಂಗ್ ಪರೀಕ್ಷೆಗೆ ಕರೆದುಕೊಂಡು ಹೋದೆ, ದೀಪಾವಳಿಗೆ ಹೋಳಿಗೆ ಮಾಡಿದೆ. ಅಣ್ಣ ಈಗ ಕಣ್ಣಿನ ಮಾತೇ ಎತ್ತುತ್ತಿರಲಿಲ್ಲ, ನಾನು ಕೇಳುತ್ತಿರಲಿಲ್ಲ. ಅವನು ಅಲ್ಲಿ, ನಾನು ಇಲ್ಲಿ, ಇಬ್ಬರೂ ಇಳಿಯುವ ಜಾಗವಿಲ್ಲದೆ ಮಾತಾಡಿಕೊಳ್ಳುತ್ತಿದ್ದೆವು. ಇವತ್ತು ಕ್ಯಾಪ್ಟನ್ ಮೀನು ಹಿಡಿದರು, ಇವತ್ತು ನೀರಿನ ಬೋಟು ಬಂತು, ಇವತ್ತು ಬರಲಿಲ್ಲ.

ಕೊನೆಗೆ ಅವನನ್ನು ಇಳಿಸಿದ್ದು ನಾವಿಕರ ಸಂಘದ ವಕೀಲರು. ಆ ಬಂದರಿನ ಕೋರ್ಟಿಗೆ ಹೋಗಿ, ಹಡಗು ಕಾಯಲು ಬೇರೆಯವರನ್ನು ನೇಮಿಸಿ ಅಂತ ಆದೇಶ ತಂದರು. ಅದಕ್ಕೆ ನಮ್ಮ ಸಂಸದರು ವಕೀಲರಿಗೆ ಬರೆದುಕೊಟ್ಟ ಪತ್ರ ಉಪಯೋಗಕ್ಕೆ ಬಂತು ಅಂತ ಸಹಾಯಕಿ ಹೇಳುತ್ತಾಳೆ. ಬಂದಿರಬಹುದು. ಅಣ್ಣ ಮಂಗಳೂರಿನಲ್ಲಿ ವಿಮಾನ ಇಳಿದು ಮನೆಗೆ ಹೋಗಲಿಲ್ಲ, ಅತ್ತಿಗೆ ಸೀದಾ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಬಲಗಣ್ಣು ಉಳಿಯುತ್ತದೆ ಅಂದರು ಡಾಕ್ಟರು. ಎಡಗಣ್ಣಿಗೆ ತಡವಾಗಿದೆ, ಮೂರು ನಾಲ್ಕು ತಿಂಗಳು ಮುಂಚೆ ಬಂದಿದ್ದರೆ ನೋಡಬಹುದಿತ್ತು ಅಂದರು. ಮೂರು ನಾಲ್ಕು ತಿಂಗಳು ಮುಂಚೆ ಅವನು ಬ್ಯಾಗು ಕಟ್ಟಿಕೊಂಡು ಕೂತಿದ್ದ. ಒಂದು ಕಣ್ಣಿನವನಿಗೆ ಹಡಗಿನ ಕೆಲಸಕ್ಕೆ ವೈದ್ಯರ ಸರ್ಟಿಫಿಕೇಟು ಸಿಗುವುದಿಲ್ಲ. ಅಲ್ಲಿಗೆ ಅವನ ಸಮುದ್ರ ಮುಗಿಯಿತು.

ಈ ಸಲದ ಚುನಾವಣೆಯ ಮತಪತ್ರ ಹೋದ ವಾರ ಅಂಚೆಯಲ್ಲಿ ಬಂತು. ಇಲ್ಲಿ ಮನೆಯಲ್ಲೇ ಕೂತು ತುಂಬಿ ಕಳಿಸಬಹುದು. ಸಂಸದರು ಮತ್ತೆ ನಿಂತಿದ್ದಾರೆ. ಅವರ ಎದುರು ನಿಂತವರು, ನಿರ್ಬಂಧ ಹಾಕುವುದು ತೆಗೆಯುವುದು ಎಲ್ಲ ಅಧ್ಯಕ್ಷರಿಗೇ ಬಿಡಬೇಕು, ಸಂಸತ್ತು ಅಡ್ಡಗಾಲು ಹಾಕಬಾರದು ಅನ್ನುವವರು. ಯಜಮಾನರು ತಮ್ಮದನ್ನು ತುಂಬಿ ಮುಗಿಸಿದ್ದರು, ಯಾರಿಗೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನಾನು ಅಡುಗೆ ಮನೆಯ ಮೇಜಿನ ಮುಂದೆ ಅದನ್ನು ಹರಡಿಕೊಂಡು ಪೆನ್ನು ಹಿಡಿದು ಕೂತಿದ್ದಾಗ ಅಣ್ಣನ ವೀಡಿಯೋ ಕರೆ ಬಂತು. ಅವನೀಗ ಮಾತಾಡುವಾಗ ಮುಖವನ್ನು ಸ್ವಲ್ಪ ಓರೆ ಮಾಡಿ ಬಲಗಣ್ಣನ್ನು ಮುಂದಕ್ಕೆ ತರುತ್ತಾನೆ.

"ಎಂತ ಮಾಡ್ತಾ ಇದ್ದಿ?"

ಸುಳ್ಳು ಹೇಳಬಹುದಿತ್ತು. "ವೋಟು" ಅಂದೆ.

"ಆ ನಿಮ್ಮ ಸಂಸದರು ನಿಂತಿದ್ದಾರಾ?"

"ನಿಂತಿದ್ದಾರೆ."

ಅವನು ನನ್ನನ್ನು ಚಿಕ್ಕಂದಿನಿಂದ ಬಲ್ಲ. ನನ್ನ 'ಬೇಡ'ದಲ್ಲಿ ಎಲ್ಲಿ 'ಬೇಕು' ಇದೆ ಅಂತ ಅಮ್ಮನಿಗಿಂತ ಮೊದಲು ಅವನಿಗೆ ತಿಳಿಯುತ್ತಿತ್ತು.

"ಅವರಿಗೇ ಹಾಕ್ತಿ ಅಲ್ವಾ ನೀನು?"

ನಾನು ಏನೇನೋ ಹೇಳಲು ಹೊರಟೆ. ಅವರು ಹೇಳಿದ್ದು ತಪ್ಪಲ್ಲ ಅಣ್ಣ, ಆ ಮಾಲೀಕರಿಗೆ ಬಾಗಿಲು ತೆಗೆದಿದ್ದರೆ ಇನ್ನೆಷ್ಟು ಹಡಗಿನವರನ್ನು, ಯಾರೋ ಒಬ್ಬರು ಕೇಳಬೇಕಲ್ಲ, ಅಂತೆಲ್ಲ. ಅವನು ಅರ್ಧದಲ್ಲೇ ಕೈ ಎತ್ತಿದ.

"ಹಾಕು ಮಾರಾಯ್ತಿ. ನಿನಗೆ ಸರಿ ಕಂಡದ್ದು ಮಾಡು. ಆದ್ರೆ ಅದು ಸರಿ ಅಂತ ನನ್ನ ಬಾಯಲ್ಲಿ ಹೇಳಿಸ್ಬೇಡ."